ಚಕ್ರವನ್ನು ಹಿಡಿಯುವ ಇಕ್ಕಳ



ಮದುವೆಗೆ ಅಂತ ನಾವು ಬಾಡಿಗೆ ಕಾರು ಮಾಡುತ್ತೇವೆ. ರಾತ್ರಿ ಹೊತ್ತು ಮಗಳಿಗೆ ಹೆರಿಗೆ ನೋವು ಬಂದರೆ ಪಕ್ಕದ ಮನೆಯವರ ಕಾರು ಕೇಳುತ್ತೇವೆ. ದೇವಸ್ಥಾನಕ್ಕೆ ಹೋಗುವಾಗ ಘಾಟಿ ಇಳಿಯುತ್ತೇವೆ. ನಮ್ಮಲ್ಲಿ ಕೆಲವರು ತಾವೇ ಕಾರು ಓಡಿಸುತ್ತೇವೆ.

ಕಾರು ಹತ್ತುವಾಗ ಏನು ಕೇಳುತ್ತೇವೆ? "ಎಷ್ಟು ಹೊತ್ತಿಗೆ ಮುಟ್ಟಿಸ್ತೀಯಪ್ಪಾ?" ಅಂತ ಕೇಳುತ್ತೇವೆ. "ನಿನ್ನ ಕಾರು ಸರಿಯಾಗಿ ನಿಲ್ಲುತ್ತಾ?" ಅಂತ ಕೇಳುತ್ತೇವಾ? ಇಲ್ಲ.

ಓಡುವ ಕಾರು ಬೇಕಾದಾಗ ನಿಲ್ಲಬೇಕು. ಅಡ್ಡ ಒಂದು ಮಗು ಓಡಿ ಬಂದರೆ ನಿಲ್ಲಬೇಕು. ಎದುರಿಗೆ ಲಾರಿ ಬಂದರೆ ನಿಲ್ಲಬೇಕು. ಹಾಗೆ ನಿಲ್ಲಿಸುವುದೇ ಬ್ರೇಕ್. ನಮ್ಮ ಜೀವ, ನಮ್ಮ ಮಕ್ಕಳ ಜೀವ ಅದರ ಮೇಲೆ ನಿಂತಿದೆ.

ಬ್ರೇಕ್ ಹೇಗೆ ಕೆಲಸ ಮಾಡುತ್ತದೆ? ಅದು ಕೆಟ್ಟರೆ ನಮಗೆ ಹೇಗೆ ಗೊತ್ತಾಗುತ್ತದೆ? ಬನ್ನಿ, ಈ ಪಾಠದಲ್ಲಿ ತಿಳಿಯೋಣ.

ತಿರುಗುವುದನ್ನು ಹಿಡಿಯುವುದು

ಒಂದು ಸ್ಟೀಲ್ ತಟ್ಟೆಯನ್ನು ನೆಲದ ಮೇಲೆ ಅಂಚಿನಲ್ಲಿ ನಿಲ್ಲಿಸಿ ಗಿರಗಿರ ತಿರುಗಿಸಿ. ಅದನ್ನು ನಿಲ್ಲಿಸಬೇಕು. ಏನು ಮಾಡುತ್ತೀರಿ? ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು ಹಿಡಿಯುತ್ತೀರಿ. ತಟ್ಟೆ ನಿಲ್ಲುತ್ತದೆ.

ಕಾರಿನ ಡಿಸ್ಕ್ ಬ್ರೇಕ್ ಮಾಡುವುದೂ ಇದನ್ನೇ.

ಕಾರಿನ ಚಕ್ರದ ಒಳಬದಿಗೆ ಕಬ್ಬಿಣದ ಒಂದು ದುಂಡನೆ ತಟ್ಟೆ ಇರುತ್ತದೆ. ಅದಕ್ಕೆ ಡಿಸ್ಕ್ ಅನ್ನುತ್ತಾರೆ. ಚಕ್ರ ತಿರುಗಿದರೆ ಡಿಸ್ಕೂ ತಿರುಗುತ್ತದೆ. ಡಿಸ್ಕ್ ನಿಂತರೆ ಚಕ್ರವೂ ನಿಲ್ಲುತ್ತದೆ.

ಈ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಸಾಧನ ಒಂದಿದೆ. ಅದರ ಹೆಸರು ಕ್ಯಾಲಿಪರ್. ಹೆಸರು ಕೇಳಿ ಹೆದರಬೇಡಿ. ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ನಾವು ಯಾವುದರಿಂದ ಹಿಡಿಯುತ್ತೇವೆ? ಇಕ್ಕಳದಿಂದ. ಕ್ಯಾಲಿಪರ್ ಅಂದರೆ ಚಕ್ರದ ತಟ್ಟೆಯನ್ನು ಹಿಡಿಯುವ ಇಕ್ಕಳ. ಅಷ್ಟೇ.

ಇಕ್ಕಳ ನೇರವಾಗಿ ಡಿಸ್ಕನ್ನು ಮುಟ್ಟುವುದಿಲ್ಲ. ನಡುವೆ ಎರಡು ಪ್ಯಾಡ್ ಇರುತ್ತವೆ. ಡಿಸ್ಕಿನ ಒಳಬದಿಗೆ ಒಂದು, ಹೊರಬದಿಗೆ ಒಂದು. ಇಕ್ಕಳ ಪ್ಯಾಡನ್ನು ಒತ್ತುತ್ತದೆ. ಪ್ಯಾಡ್ ಡಿಸ್ಕನ್ನು ಉಜ್ಜುತ್ತದೆ. ಉಜ್ಜಿ ಉಜ್ಜಿ ಸವೆಯುವುದು ಪ್ಯಾಡ್. ಸವೆದ ಪ್ಯಾಡನ್ನು ತೆಗೆದು ಹೊಸದು ಹಾಕಬಹುದು.

ಓಟ ಎಲ್ಲಿಗೆ ಹೋಯಿತು?

ಎರಡು ಅಂಗೈ ಸೇರಿಸಿ ಜೋರಾಗಿ ಉಜ್ಜಿ. ಏನಾಯಿತು? ಬಿಸಿಯಾಯಿತು ಅಲ್ವಾ? ಬಾವಿಯ ಹಗ್ಗ ಕೈಯಿಂದ ಜಾರಿದರೆ ಅಂಗೈ ಉರಿಯುತ್ತದೆ. ಇದಕ್ಕೆ ಘರ್ಷಣೆ ಅನ್ನುತ್ತಾರೆ. ಘರ್ಷಣೆ ಅಂದರೆ ಉಜ್ಜಾಟ.

ಕಾರಿನ ಓಟದಲ್ಲಿ ಶಕ್ತಿ ಇದೆ. ಆ ಶಕ್ತಿ ಸುಮ್ಮನೆ ಮಾಯವಾಗುವುದಿಲ್ಲ. ಪ್ಯಾಡ್ ಡಿಸ್ಕನ್ನು ಉಜ್ಜಿದಾಗ ಅದು ಬಿಸಿಯಾಗಿ ಬದಲಾಗುತ್ತದೆ. ಆ ಬಿಸಿಯನ್ನು ಗಾಳಿ ಕೊಂಡೊಯ್ಯುತ್ತದೆ. ಅಂದರೆ, ಬ್ರೇಕ್ ಮಾಡುವ ಕೆಲಸ ಇಷ್ಟೇ: ಓಟವನ್ನು ಬಿಸಿ ಮಾಡುವುದು, ಬಿಸಿಯನ್ನು ಗಾಳಿಗೆ ಬಿಡುವುದು.

ಇಲ್ಲಿ ಒಂದು ಲೆಕ್ಕ ನೆನಪಿಡಬೇಕು. ವೇಗ ಎರಡು ಪಟ್ಟಾದರೆ ಓಟದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ಕಾರು 10 ಮೀಟರ್ ಮುಂದೆ ಹೋಗಿ ನಿಲ್ಲುತ್ತದೆ ಅಂತ ಇಟ್ಟುಕೊಳ್ಳೋಣ. ಅದೇ ಕಾರು, ಅದೇ ರಸ್ತೆ, 80 ಕಿಲೋಮೀಟರ್ ವೇಗವಾದರೆ? ನಿಲ್ಲಲು ಸುಮಾರು 40 ಮೀಟರ್ ಬೇಕು.

ಇನ್ನೂ ಒಂದು ಮಾತು. ಕಣ್ಣು ನೋಡಿ ಕಾಲು ಒತ್ತುವುದಕ್ಕೂ ಹೊತ್ತು ಬೇಕು. ಒಂದು ಸೆಕೆಂಡು ಅಂತಿಟ್ಟುಕೊಳ್ಳಿ. 80 ಕಿಲೋಮೀಟರ್ ವೇಗದ ಕಾರು ಆ ಒಂದು ಸೆಕೆಂಡಿನಲ್ಲೇ ಸುಮಾರು 22 ಮೀಟರ್ ಓಡಿರುತ್ತದೆ. ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಅತಿ ವೇಗಕ್ಕೆ ಅದು ಮದ್ದಲ್ಲ.

ಕಾಲಿನ ಒತ್ತು ಚಕ್ರಕ್ಕೆ ಹೇಗೆ ಹೋಗುತ್ತದೆ?

ಸೈಕಲ್ಲಿನ ಬ್ರೇಕ್ ನಮಗೆ ಗೊತ್ತು. ಕೈಯಲ್ಲಿ ಹಿಡಿ ಅಮುಕಿದರೆ ತಂತಿ ಅಥವಾ ಸರಳು ಎಳೆಯುತ್ತದೆ. ರಬ್ಬರಿನ ತುಂಡುಗಳು ಚಕ್ರದ ಅಂಚನ್ನು ಒತ್ತುತ್ತವೆ. ಕಾರು ಭಾರ. ಅದಕ್ಕೆ ತಂತಿ ಸಾಲದು. ಕಾರಿನಲ್ಲಿ ಈ ಕೆಲಸಕ್ಕೆ ಒಂದು ದ್ರವ ಇದೆ. ಅದನ್ನು ಬ್ರೇಕ್ ಆಯಿಲ್ ಅನ್ನುತ್ತಾರೆ. ಬಾಟಲಿಯ ಮೇಲೆ ಬ್ರೇಕ್ ಫ್ಲೂಯಿಡ್ ಅಂತ ಬರೆದಿರುತ್ತದೆ.

ಇದನ್ನು ತಿಳಿಯಲು ಒಂದು ಪ್ರಯೋಗ ಮಾಡೋಣ. ಸೂಜಿ ಇಲ್ಲದ ಹೊಸ ಸಿರಿಂಜ್ ತೆಗೆದುಕೊಳ್ಳಿ. ಒಳಗೆ ಗಾಳಿ ಇರಲಿ. ತುದಿಗೆ ಬೆರಳು ಒತ್ತಿ ಹಿಡಿದು ಹಿಂದಿನಿಂದ ತಳ್ಳಿ. ಒಳಗೆ ಹೋಗುತ್ತದೆ, ಬಿಟ್ಟರೆ ವಾಪಸು ಬರುತ್ತದೆ. ಈಗ ಒಳಗೆ ನೀರು ತುಂಬಿಸಿ, ಗಾಳಿ ಗುಳ್ಳೆ ಒಂದೂ ಇಲ್ಲದ ಹಾಗೆ. ಮತ್ತೆ ತುದಿ ಮುಚ್ಚಿ ತಳ್ಳಿ. ಜಗ್ಗುವುದಿಲ್ಲ! ಗಾಳಿ ಕುಗ್ಗುತ್ತದೆ, ದ್ರವ ಕುಗ್ಗುವುದಿಲ್ಲ. ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಹೋಗುತ್ತದೆ. ಫ್ರಾನ್ಸ್ ದೇಶದ ಪಾಸ್ಕಲ್ ಎಂಬ ವಿಜ್ಞಾನಿ 17ನೇ ಶತಮಾನದಲ್ಲೇ ಇದನ್ನು ವಿವರಿಸಿದ್ದ.

ಈಗ ಕಾರಿಗೆ ಬನ್ನಿ.

1. ಚಾಲಕರು ಪೆಡಲ್ ತುಳಿಯುತ್ತಾರೆ.

2. ಇಂಜಿನ್ ಓಡುತ್ತಿರುವಾಗ ಬೂಸ್ಟರ್ ಎಂಬ ಸಾಧನ ಕಾಲಿಗೆ ಸಹಾಯ ಮಾಡುತ್ತದೆ.

3. ಮಾಸ್ಟರ್ ಸಿಲಿಂಡರ್ ಎಂಬ ಕೊಳವೆಯಲ್ಲಿ ಬ್ರೇಕ್ ಆಯಿಲಿನ ಮೇಲೆ ಒತ್ತಡ ಬೀಳುತ್ತದೆ.

4. ಆ ಒತ್ತಡ ಸಣ್ಣ ಪೈಪುಗಳಲ್ಲಿ ಸಾಗಿ ಚಕ್ರದ ಹತ್ತಿರದ ಕ್ಯಾಲಿಪರಿಗೆ ಮುಟ್ಟುತ್ತದೆ.

5. ಕ್ಯಾಲಿಪರ್ ಪ್ಯಾಡುಗಳನ್ನು ಒತ್ತುತ್ತದೆ. ಡಿಸ್ಕ್ ನಿಧಾನವಾಗುತ್ತದೆ. ಕಾರು ನಿಲ್ಲುತ್ತದೆ.

ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ.

"ಕಾಲಿನ ಸಣ್ಣ ಒತ್ತು ಅಷ್ಟು ಭಾರದ ಕಾರನ್ನು ಹೇಗಪ್ಪಾ ನಿಲ್ಲಿಸುತ್ತೆ?" ಅಂತ ಕೇಳುತ್ತೀರಾ? ಲೆಕ್ಕ ಹಾಕೋಣ. ಕಾಲಿನಿಂದ 10 ಕಿಲೋ ಭಾರದಷ್ಟು ಒತ್ತಿದೆವು ಎನ್ನಿ. ಪೆಡಲ್ ಒಂದು ಹಾರೆಯ ಹಾಗೆ ಮೀಟುತ್ತದೆ. ಒತ್ತು ನಾಲ್ಕು ಪಟ್ಟಾದರೆ 40 ಕಿಲೋ ಆಯಿತು. ಕ್ಯಾಲಿಪರಿನ ಒಳಗಿನ ದಿಂಡಿನ ಮುಖ ಮಾಸ್ಟರ್ ಸಿಲಿಂಡರಿನ ದಿಂಡಿನ ಮುಖಕ್ಕಿಂತ ದೊಡ್ಡದು. ಆರು ಪಟ್ಟು ದೊಡ್ಡದು ಅಂತಿಟ್ಟುಕೊಂಡರೆ ಒತ್ತು 240 ಕಿಲೋ ಆಯಿತು! ಬೂಸ್ಟರಿನ ಸಹಾಯ ಸೇರಿದರೆ ಇನ್ನೂ ಹೆಚ್ಚು. ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ. ಕಾಲು ತುಂಬಾ ದೂರ ತುಳಿಯಬೇಕು, ಪ್ಯಾಡ್ ಕೂದಲೆಳೆಯಷ್ಟು ದೂರ ಮಾತ್ರ ಸರಿಯುತ್ತದೆ.

ಇಕ್ಕಳದ ಒಳಗೆ ಏನಿದೆ?

ಹಲವು ಸಣ್ಣ ಕಾರುಗಳಲ್ಲಿ ಇರುವ ಕ್ಯಾಲಿಪರನ್ನು ನೋಡೋಣ. ಅದರಲ್ಲಿ ಒಂದೇ ದಿಂಡು ಇರುತ್ತದೆ. ಆ ದಿಂಡಿಗೆ ಪಿಸ್ಟನ್ ಅನ್ನುತ್ತಾರೆ. ಶಾವಿಗೆ ಒರಳಿನಲ್ಲಿ ಹಿಟ್ಟನ್ನು ಒತ್ತುವ ದಿಂಡು ಇರುತ್ತದಲ್ಲ, ಹಾಗೆ.

ಪಿಸ್ಟನ್ ಇರುವುದು ಡಿಸ್ಕಿನ ಒಳಬದಿಗೆ ಮಾತ್ರ. ಆದರೆ ಪ್ಯಾಡ್ ಎರಡು ಕಡೆ ಇದೆ. ಹೊರಗಿನ ಪ್ಯಾಡನ್ನು ಒತ್ತುವವರು ಯಾರು?

ಇದೇ ಇದರ ಜಾಣತನ. ಕ್ಯಾಲಿಪರನ್ನು ಗಟ್ಟಿಯಾಗಿ ಒಂದೇ ಕಡೆ ಬಿಗಿದಿಲ್ಲ. ಅದು ಎರಡು ಪಿನ್ನುಗಳ ಮೇಲೆ ಆಚೆ ಈಚೆ ಸ್ವಲ್ಪ ಜಾರಬಲ್ಲದು. ಪರದೆಯ ಬಳೆಗಳು ಸರಳಿನ ಮೇಲೆ ಜಾರುವ ಹಾಗೆ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಡಿಸ್ಕ್ ಪಕ್ಕಕ್ಕೆ ಸರಿಯುವುದಿಲ್ಲ. ಆಗ ಕ್ಯಾಲಿಪರೇ ಹಿಂದಕ್ಕೆ ಸರಿಯುತ್ತದೆ. ಸರಿಯುವಾಗ ತನ್ನ ಕೊಕ್ಕೆಯಿಂದ ಹೊರಗಿನ ಪ್ಯಾಡನ್ನೂ ಎಳೆದು ಡಿಸ್ಕಿಗೆ ಒತ್ತುತ್ತದೆ. ಒಬ್ಬನೇ ತಳ್ಳಿದ, ಎರಡು ಕಡೆಯೂ ಹಿಡಿತ ಬಿತ್ತು!

ಕಾಲು ತೆಗೆದ ಮೇಲೆ ಪಿಸ್ಟನ್ ಹಿಂದಕ್ಕೆ ಬರಬೇಕು. ಇಲ್ಲದಿದ್ದರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಈ ಕೆಲಸ ಮಾಡುವುದು ಒಂದು ರಬ್ಬರ್ ಉಂಗುರ. ಕುಕ್ಕರಿನ ಗ್ಯಾಸ್ಕೆಟ್ ಗೊತ್ತಲ್ಲ, ಅದರ ತಮ್ಮ ಅನ್ನಿ. ಅದು ಪಿಸ್ಟನ್ ಸುತ್ತ ಬಿಗಿಯಾಗಿ ಕೂತಿರುತ್ತದೆ. ಆಯಿಲ್ ಸೋರದಂತೆ ತಡೆಯುತ್ತದೆ. ಪಿಸ್ಟನ್ ಮುಂದೆ ಹೋದಾಗ ಅದೂ ಸ್ವಲ್ಪ ಬಾಗುತ್ತದೆ. ಕಾಲು ತೆಗೆದಾಗ ಮತ್ತೆ ನೆಟ್ಟಗಾಗುತ್ತದೆ. ಆಗ ಪಿಸ್ಟನನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಕುಕ್ಕರಿನ ಗ್ಯಾಸ್ಕೆಟ್ ಹಳೆಯದಾದರೆ ಏನಾಗುತ್ತದೆ? ಹಬೆ ಸೋರುತ್ತದೆ. ಇಲ್ಲೂ ಹಾಗೆಯೇ. ಉಂಗುರ ಕೆಟ್ಟರೆ ಆಯಿಲ್ ಸೋರುತ್ತದೆ. ಪಿಸ್ಟನಿಗೆ ತುಕ್ಕು ಹಿಡಿದರೆ ಅಥವಾ ಪಿನ್ನುಗಳಿಗೆ ಮಣ್ಣು ಮೆತ್ತಿದರೆ ಇಕ್ಕಳ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗುತ್ತದೆ. ಬ್ರೇಕ್ ಹಿಡಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಡಿಸ್ಕ್ ಮತ್ತು ಡ್ರಮ್

ಎಲ್ಲ ಬ್ರೇಕೂ ಡಿಸ್ಕ್ ಬ್ರೇಕ್ ಅಲ್ಲ. ಡ್ರಮ್ ಬ್ರೇಕ್ ಅಂತ ಇನ್ನೊಂದಿದೆ. ಅದು ಮಗುಚಿದ ಪಾತ್ರೆಯ ಹಾಗೆ. ಪಾತ್ರೆಯ ಒಳಗೆ ಎರಡು ಬಾಗಿದ ತುಂಡುಗಳಿವೆ. ಅವು ಹೊರಕ್ಕೆ ಅಗಲಿ ಪಾತ್ರೆಯ ಒಳಮೈಯನ್ನು ಒತ್ತುತ್ತವೆ. ಅಲ್ಲಿ ಬಿಸಿ ಒಳಗೇ ಉಳಿಯುತ್ತದೆ. ಡಿಸ್ಕ್ ಗಾಳಿಗೆ ತೆರೆದುಕೊಂಡಿರುತ್ತದೆ. ಬೇಗ ಆರುತ್ತದೆ. ನೀರು ಬಿದ್ದರೂ ಬೇಗ ಒಣಗುತ್ತದೆ.

ಹಲವು ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನ ಚಕ್ರಗಳಿಗೆ ಡ್ರಮ್. ಯಾಕೆ? ಬಸ್ಸು ದಿಢೀರನೆ ನಿಂತಾಗ ನಾವೆಲ್ಲ ಮುಂದಕ್ಕೆ ಮುಗ್ಗರಿಸುತ್ತೇವೆ. ಹಾಗೆಯೇ ಕಾರಿನ ಭಾರವೂ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಅಲ್ಲಿಯೇ ಹೆಚ್ಚು ಹಿಡಿತ ಬೇಕು.

ಚಮ್ಮಾರನ ಅಂಗಡಿಯಲ್ಲಿ ಒಬ್ಬ ಹೆಂಗಸು

ಬ್ರೇಕಿನ ಕತೆಯಲ್ಲಿ ಒಬ್ಬ ಹೆಂಗಸಿನ ಹೆಸರು ಇದೆ. ಆಕೆ ಜರ್ಮನಿ ದೇಶದ ಬರ್ತಾ ಬೆಂಜ್. ಆಕೆಯ ಗಂಡ ಕಾರ್ಲ್ ಬೆಂಜ್ ಮೂರು ಚಕ್ರದ ಮೋಟಾರು ಬಂಡಿ ಮಾಡಿದ್ದ. ಇದು ದೂರದ ಊರಿಗೆ ಹೋದೀತು ಎಂದು ಜನಕ್ಕೆ ನಂಬಿಕೆ ಇರಲಿಲ್ಲ. 1888ರ ಆಗಸ್ಟ್ ತಿಂಗಳಲ್ಲಿ ಬರ್ತಾ ಗಂಡನಿಗೆ ಮೊದಲೇ ಹೇಳದೆ ಬಂಡಿ ಹೊರಡಿಸಿದಳು. ಜೊತೆಗೆ ಇಬ್ಬರು ಗಂಡುಮಕ್ಕಳು. ಮನ್‌ಹೈಮ್ ಊರಿನಿಂದ ತವರಾದ ಫೋರ್ಟ್ಸ್‌ಹೈಮ್ ಊರಿಗೆ, ನೂರು ಕಿಲೋಮೀಟರಿಗೂ ಹೆಚ್ಚು ದಾರಿ.

ದಾರಿಯಲ್ಲಿ ಇಂಧನ ಮುಗಿಯಿತು. ಔಷಧಿ ಅಂಗಡಿಯಲ್ಲಿ ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಿತು. ಟೊಪ್ಪಿಗೆಯ ಪಿನ್ನಿನಿಂದ ಬಿಡಿಸಿದಳು. ಇಳಿಜಾರಿನಲ್ಲಿ ಬ್ರೇಕಿನ ತುಂಡುಗಳು ಸವೆದವು. ಆಗ ಚಮ್ಮಾರನ ಹತ್ತಿರ ಹೋಗಿ ಅವಕ್ಕೆ ಚರ್ಮ ಹೊಡೆಸಿದಳು. ಸವೆಯುವ ಜಾಗಕ್ಕೆ ಬದಲಿಸಬಹುದಾದ ಹೊದಿಕೆ ಹಾಕುವುದು! ಇಂದಿನ ಬ್ರೇಕ್ ಪ್ಯಾಡಿನ ಹಿಂದೆಯೂ ಇದೇ ಉಪಾಯ ಇದೆ.

ಮುಂದೆ 1902ರಲ್ಲಿ ಇಂಗ್ಲೆಂಡಿನ ಲಾಂಚೆಸ್ಟರ್ ಎಂಬ ಇಂಜಿನಿಯರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಊರಿನ 24 ಗಂಟೆಗಳ ಪಂದ್ಯದಲ್ಲಿ ಡಿಸ್ಕ್ ಬ್ರೇಕ್ ಇದ್ದ ಜಾಗ್ವಾರ್ ಕಾರು ಗೆದ್ದಿತು. 1955ರಲ್ಲಿ ಸಿಟ್ರೋಯೆನ್ ಡಿ.ಎಸ್. ಎಂಬ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿದರು. ಆಮೇಲೆ ಇದು ಊರೂರಿಗೆ ಬಂತು.

ಘಾಟಿ ಇಳಿಯುವಾಗ

ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿಗಳನ್ನು ನಮ್ಮಲ್ಲಿ ಹಲವರು ಇಳಿದಿದ್ದೇವೆ. ಬ್ರೇಕಿಗೆ ನಿಜವಾದ ಪರೀಕ್ಷೆ ಅಲ್ಲಿ.

ಕೆಲವು ಚಾಲಕರು ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಗೇರ್ ತೆಗೆದು ನ್ಯೂಟ್ರಲ್ ಮಾಡುತ್ತಾರೆ. ಇಂಜಿನನ್ನೇ ಆರಿಸುವವರೂ ಇದ್ದಾರೆ. ಇದು ದೊಡ್ಡ ಅಪಾಯ. ಗೇರಿನಲ್ಲಿದ್ದರೆ ಇಂಜಿನ್ ಕೂಡ ಕಾರನ್ನು ತಡೆಯುತ್ತದೆ. ಗೇರ್ ತೆಗೆದರೆ ಎಲ್ಲ ಭಾರ ಬ್ರೇಕಿನ ಮೇಲೆ. ಇಂಜಿನ್ ಆರಿಸಿದರೆ ಬೂಸ್ಟರಿನ ಸಹಾಯವೂ ನಿಲ್ಲುತ್ತದೆ. ಎರಡು ಮೂರು ಸಲ ತುಳಿಯುವುದರೊಳಗೆ ಪೆಡಲ್ ಕಲ್ಲಿನ ಹಾಗಾಗುತ್ತದೆ.

ಮತ್ತೆ ಮತ್ತೆ ಬ್ರೇಕ್ ಹಿಡಿದರೆ ಪ್ಯಾಡು, ಡಿಸ್ಕು ಕಾಯುತ್ತವೆ. ತೀರಾ ಕಾದ ಪ್ಯಾಡಿಗೆ ಹಿಡಿತ ಕಡಿಮೆ. ಬಿಸಿ ಬ್ರೇಕ್ ಆಯಿಲಿಗೂ ತಗಲುತ್ತದೆ.

ಇಲ್ಲೇ ಒಂದು ಗುಟ್ಟಿದೆ. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದೆ ಅಲ್ವಾ? ಬ್ರೇಕ್ ಆಯಿಲೂ ಹಾಗೆಯೇ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ತೇವ ಸೇರಿದ ಮೇಲೆ ಅದು 155 ಡಿಗ್ರಿಗೂ ಇಳಿಯಬಹುದು. ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಸಿರಿಂಜಿನ ಗಾಳಿ ನೆನಪಿದೆಯೇ? ಗುಳ್ಳೆ ಕುಗ್ಗುತ್ತದೆ. ಪೆಡಲ್ ತುಳಿದರೆ ಸುಮ್ಮನೆ ಒಳಗೆ ಹೋಗುತ್ತದೆ. ಕಾರು ನಿಲ್ಲುವುದಿಲ್ಲ.

ಆದ್ದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುತ್ತಾರೆ. ಯಾವಾಗ, ಯಾವ ಆಯಿಲ್ ಅಂತ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ಓದಲು ಕಲಿತ ನಾವು ಅದನ್ನು ತೆರೆದು ನೋಡಬಹುದು.

ಘಾಟಿಯಲ್ಲಿ ಸುಟ್ಟ ವಾಸನೆ ಬಂದರೆ ಸುಮ್ಮನೆ ಕೂರಬೇಡಿ. "ಅಣ್ಣಾ, ವಾಸನೆ ಬರ್ತಾ ಇದೆ. ಜಾಗ ನೋಡಿ ಗಾಡಿ ನಿಲ್ಸಿ" ಅಂತ ಹೇಳಿ. ಬ್ರೇಕ್ ತಾನಾಗಿ ಆರಲಿ. ಕಾದ ಡಿಸ್ಕಿನ ಮೇಲೆ ನೀರು ಸುರಿಯಬಾರದು. ಅದು ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಆಮೇಲೆ ಸಣ್ಣ ಗೇರಿನಲ್ಲಿ ನಿಧಾನವಾಗಿ ಇಳಿಯಲಿ. ಅರ್ಧ ಗಂಟೆ ತಡವಾದರೆ ಮುಹೂರ್ತ ತಪ್ಪಬಹುದು. ಬ್ರೇಕ್ ತಪ್ಪಿದರೆ ಜೀವವೇ ಹೋಗಬಹುದು.

ಬ್ರೇಕ್ ಕೊಡುವ ಸೂಚನೆಗಳು

ಬ್ರೇಕ್ ಕೆಡುವ ಮೊದಲು ಹೆಚ್ಚಾಗಿ ಏನಾದರೂ ಸೂಚನೆ ಕೊಡುತ್ತದೆ. ನಾವು ಕೇಳಿಸಿಕೊಳ್ಳಬೇಕು.

ಕೀರಲು ಸದ್ದು: ಹಲವು ಪ್ಯಾಡುಗಳಲ್ಲಿ ಒಂದು ಸಣ್ಣ ತಗಡು ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕಿರಗುಟ್ಟುತ್ತದೆ. ಪ್ಯಾಡ್ ಬದಲಿಸುವ ಹೊತ್ತು ಬಂತು ಅಂತ ಅರ್ಥ. ಹೊಸ ಪ್ಯಾಡ್ ಸುಮಾರು 10 ಮಿಲಿಮೀಟರ್ ದಪ್ಪ. ಸುಮಾರು 3 ಮಿಲಿಮೀಟರಿಗೆ ಬಂದರೆ ತಡ ಮಾಡಬಾರದು.

ಗರಗರ ಸದ್ದು: ಪ್ಯಾಡ್ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿರಬಹುದು. ಆ ಗಾಡಿಯಲ್ಲಿ ಪ್ರಯಾಣ ಬೇಡ.

ಮೆತ್ತಗಿನ ಪೆಡಲ್: ಪೈಪಿನಲ್ಲಿ ಗಾಳಿ ಸೇರಿರಬಹುದು, ಆಯಿಲ್ ಸೋರಿರಬಹುದು.

ಕೆಂಪು ದೀಪ: ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೂ ಚಾಲಕರ ಮುಂದೆ ಬ್ರೇಕಿನ ಕೆಂಪು ದೀಪ ಉರಿಯುತ್ತಿದ್ದರೆ ಆಯಿಲ್ ಕಡಿಮೆಯಾಗಿರಬಹುದು. ನಿಲ್ಲಿಸಿ ನೋಡಬೇಕು.

ಚಕ್ರದ ಹತ್ತಿರ ಒದ್ದೆ: ನೀರಲ್ಲ, ಜಿಡ್ಡಾದ ಒದ್ದೆ ಇದ್ದರೆ ಮೇಸ್ತ್ರಿಗೆ ತೋರಿಸಬೇಕು.

ಕಾರುಗಳಲ್ಲಿ ಆಯಿಲಿನ ದಾರಿಯನ್ನು ಎರಡು ಭಾಗ ಮಾಡಿರುತ್ತಾರೆ. ಒಂದು ಸೋರಿದರೆ ಇನ್ನೊಂದು ಸ್ವಲ್ಪ ಕೆಲಸ ಮಾಡುತ್ತದೆ. ಇದು ಸುರಕ್ಷಿತವಾಗಿ ನಿಲ್ಲಿಸುವುದಕ್ಕೆ. ಹಾಗೇ ಓಡಿಸಿಕೊಂಡು ಹೋಗುವುದಕ್ಕಲ್ಲ.

ಗ್ಯಾರೇಜಿನಲ್ಲಿ

ಬ್ರೇಕ್ ಬಿಚ್ಚುವುದು ಕಲಿತವರ ಕೆಲಸ. ಆದರೆ ದುಡ್ಡು ಕೊಡುವವರು ನಾವು. ನೋಡುವ ಹಕ್ಕು, ಕೇಳುವ ಹಕ್ಕು ನಮಗಿದೆ.

"ತೆಗೆದ ಹಳೆ ಪ್ಯಾಡ್ ತೋರಿಸಿ" ಅಂತ ಕೇಳಿ. ಎಡಗಡೆ ಬದಲಿಸಿದರೆ ಬಲಗಡೆಯೂ ಬದಲಿಸಬೇಕು. ಒಂದು ಕಡೆ ಹೊಸದು, ಒಂದು ಕಡೆ ಸವೆದದ್ದು ಇದ್ದರೆ ಕಾರು ಎಳೆಯುತ್ತದೆ. ಜಾರುವ ಪಿನ್ನುಗಳನ್ನು ಶುಚಿ ಮಾಡಿ ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿದರಾ ಅಂತ ಕೇಳಿ. ಬ್ರೇಕ್ ಆಯಿಲಿನ ಬಾಟಲಿ ನಿಮ್ಮ ಮುಂದೆಯೇ ತೆರೆಯಲಿ. ಮೇಲೆ ಬರೆದದ್ದನ್ನು ಓದಿ. ಇಂಜಿನ್ ಆಯಿಲ್, ಸೀಮೆಎಣ್ಣೆ ಬ್ರೇಕಿಗೆ ಹಾಕಲೇಬಾರದು. ರಬ್ಬರ್ ಉಂಗುರ ಊದಿ ಹಾಳಾಗುತ್ತದೆ.

ಹೊಸ ಪ್ಯಾಡ್ ಹಾಕಲು ಪಿಸ್ಟನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಅದಕ್ಕೇ ಮೊದಲ ತುಳಿತಕ್ಕೆ ಬ್ರೇಕ್ ಹಿಡಿಯುವುದಿಲ್ಲ. ಕಾರು ಹೊರಡುವ ಮೊದಲೇ ಪೆಡಲನ್ನು ಹಲವು ಸಲ ತುಳಿದು ಗಟ್ಟಿ ಮಾಡಿಕೊಳ್ಳಬೇಕು. ಇದನ್ನು ಮರೆತರೆ ಗ್ಯಾರೇಜಿನ ಬಾಗಿಲಲ್ಲೇ ಅಪಘಾತ.

ಬ್ರೇಕಿನ ಕರಿ ಧೂಳನ್ನು ಊದಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಹಳೆಯ ಕೆಲವು ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು. ಒದ್ದೆ ಬಟ್ಟೆಯಲ್ಲಿ ಒರೆಸುವುದು ಒಳ್ಳೆಯದು.

ನೆನಪಿಡೋಣ

ಡಿಸ್ಕ್ ತಟ್ಟೆ, ಕ್ಯಾಲಿಪರ್ ಇಕ್ಕಳ, ಪ್ಯಾಡ್ ಉಜ್ಜುವ ತುಂಡು.
ಕಾಲಿನ ಒತ್ತನ್ನು ಚಕ್ರಕ್ಕೆ ಒಯ್ಯುವುದು ಬ್ರೇಕ್ ಆಯಿಲ್.
ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟು.
ಇಳಿಜಾರಿನಲ್ಲಿ ಇಂಜಿನ್ ಆರಿಸಬಾರದು, ಗೇರ್ ತೆಗೆಯಬಾರದು.
ಸದ್ದು, ವಾಸನೆ, ಕೆಂಪು ದೀಪ ಕಂಡರೆ ಸುಮ್ಮನಿರಬಾರದು.

ಹೊಸ ಪದಗಳು

ಘರ್ಷಣೆ – ಒಂದಕ್ಕೊಂದು ಉಜ್ಜುವುದು
ಒತ್ತಡ – ಒತ್ತುವ ಬಲ
ದ್ರವ – ನೀರಿನಂತೆ ಹರಿಯುವ ವಸ್ತು
ಇಂಧನ – ಉರಿದು ಶಕ್ತಿ ಕೊಡುವ ವಸ್ತು

ಉತ್ತರ ಹೇಳಿ

1. ಕ್ಯಾಲಿಪರನ್ನು ಅಡುಗೆಮನೆಯ ಯಾವ ವಸ್ತುವಿಗೆ ಹೋಲಿಸಿದ್ದೇವೆ? ಯಾಕೆ?
2. ಪಿಸ್ಟನ್ ಒಂದೇ ಕಡೆ ಇದ್ದರೂ ಎರಡೂ ಪ್ಯಾಡ್ ಹೇಗೆ ಒತ್ತುತ್ತವೆ?
3. ಬ್ರೇಕ್ ಆಯಿಲಿನಲ್ಲಿ ಗುಳ್ಳೆ ಎದ್ದರೆ ಏನಾಗುತ್ತದೆ?
4. ಬರ್ತಾ ಬೆಂಜ್ ಚಮ್ಮಾರನ ಹತ್ತಿರ ಏನು ಮಾಡಿಸಿದಳು?

ಮಾಡಿ ನೋಡಿ

ಈಗಿನ ಹಲವು ಮೋಟಾರ್ ಸೈಕಲ್ ಮತ್ತು ಸ್ಕೂಟರುಗಳ ಮುಂದಿನ ಚಕ್ರದಲ್ಲೂ ಡಿಸ್ಕ್ ಬ್ರೇಕ್ ಇದೆ. ನಿಮ್ಮ ಬೀದಿಯಲ್ಲಿ ಅಂಥ ಒಂದು ಗಾಡಿ ಹುಡುಕಿ. ಡಿಸ್ಕ್ ಎಲ್ಲಿದೆ, ಕ್ಯಾಲಿಪರ್ ಎಲ್ಲಿದೆ, ಆಯಿಲಿನ ಪೈಪ್ ಎಲ್ಲಿಂದ ಬಂದಿದೆ ಅಂತ ಬೆರಳಿಟ್ಟು ತೋರಿಸಿ. ಆದರೆ ಈಗ ತಾನೇ ಓಡಿ ಬಂದ ಗಾಡಿಯ ಡಿಸ್ಕನ್ನು ಮುಟ್ಟಬೇಡಿ. ಕೈ ಸುಟ್ಟೀತು!

ಚರ್ಚಿಸಿ

ಮುಂದಿನ ಸಲ ಬಾಡಿಗೆ ಕಾರು ಮಾಡುವಾಗ ಚಾಲಕರಿಗೆ ಯಾವ ಮೂರು ಪ್ರಶ್ನೆ ಕೇಳುತ್ತೀರಿ? ಗುಂಪಿನಲ್ಲಿ ಮಾತಾಡಿ. ಆಮೇಲೆ ಆ ಪ್ರಶ್ನೆಗಳನ್ನು ನಿಮ್ಮ ಕೈಯಾರೆ ನೋಟು ಪುಸ್ತಕದಲ್ಲಿ ಬರೆಯಿರಿ.